‘ನನ್ನ ಮೇಲೆ ಜಾಹೀರಾತು ಕೆಲಸ ಮಾಡಲ್ಲ’ ಎಂದವರ ಮಾತನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ‘ಗ್ರಾಹಕರ ಬ್ರ್ಯಾಂಡ್ ಆಯ್ಕೆಯ ಮೇಲೆ ಜಾಹೀರಾತಿನ ಪ್ರಭಾವ’ ಎನ್ನುವುದು ನನ್ನ ಪ್ರಾಜೆಕ್ಟ್. ಇನ್ನೂರಕ್ಕೂ ಹೆಚ್ಚು ಜನರಿಂದ ಪ್ರಶ್ನಾವಳಿ ತುಂಬಿಸಿದ್ದೇನೆ. ‘ಜಾಹೀರಾತು ನೋಡಿ ಕೊಳ್ಳುತ್ತೀರಾ?’ ಎಂದು ಕೇಳಿದ್ದಕ್ಕೆ ಮುಕ್ಕಾಲು ಪಾಲು ಜನ ‘ಇಲ್ಲ’ ಎಂದಿದ್ದಾರೆ. ಆದರೆ ಅದೇ ಹಾಳೆಯಲ್ಲಿ ಅವರು ಬರೆದ ಬ್ರ್ಯಾಂಡ್‌ಗಳೆಲ್ಲ ದಿನಾ ಜಾಹೀರಾತಿನಲ್ಲಿ ಬರುವಂಥವು. ಇನ್ನೊಂದು ಕಡೆ, ಒಂದು ಬ್ರ್ಯಾಂಡ್‌ನ ಜಾಹೀರಾತು ನೆನಪಿದೆ ಎಂದವರಲ್ಲಿ ಅದನ್ನು ಕೊಳ್ಳುವವರು ಜಾಸ್ತಿ ಇದ್ದಾರೆ. ‘ಪ್ರಭಾವ ಸಾಬೀತಾಯಿತು. ಜಾಹೀರಾತು ಒಳಮನಸ್ಸಿನ ಮೇಲೆ ಕೆಲಸ ಮಾಡುತ್ತದೆ, ಜನರಿಗೆ ಗೊತ್ತಾಗುವುದಿಲ್ಲ ಎಂದು ಬರೆ’ ಎಂದು ಗೈಡ್ ಹೇಳುತ್ತಾರೆ. ನನಗೆ ಹಾಗೆ ಬರೆಯಲು ಧೈರ್ಯ ಬರುತ್ತಿಲ್ಲ. ಸಲ್ಲಿಸಲು ಎರಡು ತಿಂಗಳಿದೆ. ನನ್ನ ಡೇಟಾ ಎಲ್ಲ ವ್ಯರ್ಥವೇ? ಏನು ಮಾಡಲಿ? ಇನ್ನೊಂದು ಚಿಕ್ಕ ವಿಷಯ: ಕೆಲವರು ‘ನಿಮ್ಮ ನೆಚ್ಚಿನ ಬ್ರ್ಯಾಂಡ್’ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಆ ಹಾಳೆಗಳನ್ನು ತೆಗೆದುಹಾಕಲೇ?

ಉತ್ತರ: ನಿಮ್ಮ ಡೇಟಾ ವ್ಯರ್ಥವಾಗಿಲ್ಲ. ಆದರೆ ಗೈಡ್ ಬರೆಯಲು ಹೇಳಿದ ಮಾತಿನ ಭಾರವನ್ನು ಅದು ಹೊರಲಾರದು. ನಿಮ್ಮ ಹಿಂಜರಿಕೆ ಸರಿಯಾದ ಜಾಗದಲ್ಲೇ ಹುಟ್ಟಿದೆ, ಅದನ್ನು ಬಿಡಬೇಡಿ.

ನಿಮ್ಮ ಕೈಯಲ್ಲಿ ಎರಡು ಬೇರೆ ಬೇರೆ ಗಂಟುಗಳಿವೆ. ಜನ ಹೇಳುವುದು ಒಂದು, ಮಾಡುವುದು ಇನ್ನೊಂದು. ಇದು ಮೊದಲನೆಯದು. ಜಾಹೀರಾತಿನ ನೆನಪು ಮತ್ತು ಖರೀದಿ ಜೊತೆಜೊತೆಯಾಗಿ ಕಾಣುತ್ತಿವೆ. ಇದು ಎರಡನೆಯದು. ನಿಮ್ಮ ಗೈಡ್ ಎರಡನ್ನೂ ‘ಒಳಮನಸ್ಸು’ ಎಂಬ ಒಂದೇ ಹಗ್ಗದಿಂದ ಕಟ್ಟಿದ್ದಾರೆ. ಬಿಡಿಸಿ ನೋಡೋಣ. ಸುಲಭವಾದ ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಜಾಹೀರಾತು ನೆನಪಿದ್ದವರು ಜಾಸ್ತಿ ಕೊಳ್ಳುತ್ತಾರೆ ಎಂಬುದನ್ನು ಬಾಣ ಎಂದುಕೊಳ್ಳಿ. ಬಾಣದ ತುದಿ ಯಾವ ಕಡೆಗಿದೆ? ಜಾಹೀರಾತು ನೋಡಿ ಕೊಂಡರೋ, ಕೊಂಡಿದ್ದರಿಂದ ಜಾಹೀರಾತು ಕಣ್ಣಿಗೆ ಬಿತ್ತೋ? ನೀವೇ ಯೋಚಿಸಿ. ಹೊಸ ಫೋನ್ ತಗೊಂಡ ಮೇಲೆ ಅದೇ ಫೋನಿನ ಜಾಹೀರಾತು ಎಲ್ಲೆಲ್ಲೂ ಕಾಣತೊಡಗುತ್ತದೆ ಅಲ್ವಾ? ಜಾಹೀರಾತು ಮೊದಲೂ ಅಲ್ಲೇ ಇತ್ತು. ನಮ್ಮದಾದ ಮೇಲೆ ಕಣ್ಣು ಅದನ್ನು ಹಿಡಿಯುತ್ತದೆ, ಮನಸ್ಸು ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದು ಬ್ರ್ಯಾಂಡ್ ಬಳಸುವವರಿಗೆ ಅದರ ಜಾಹೀರಾತು ಜಾಸ್ತಿ ನೆನಪಿರುವುದು ಸಹಜ. ಆ ಜಾಹೀರಾತು ಯಾರನ್ನೂ ಅಂಗಡಿಗೆ ಕಳಿಸದೇ ಇದ್ದರೂ ನಿಮ್ಮ ಕೋಷ್ಟಕ ಇದೇ ರೀತಿ ಕಾಣುತ್ತಿತ್ತು.

ಇದು ನಿಮ್ಮೊಬ್ಬರ ಎಡವಟ್ಟಲ್ಲ. ಅಮೆರಿಕದ ಜಾಹೀರಾತು ಲೋಕದ ದೊಡ್ಡ ಹೆಸರು ರೋಸರ್ ರೀವ್ಸ್ ಇದೇ ಲೆಕ್ಕ ಹಾಕಿದ್ದರು. ಜಾಹೀರಾತು ನೆನಪಿದ್ದವರಲ್ಲಿ ಎಷ್ಟು ಜನ ಬಳಸುತ್ತಾರೆ, ನೆನಪಿಲ್ಲದವರಲ್ಲಿ ಎಷ್ಟು ಜನ ಬಳಸುತ್ತಾರೆ ಎಂದು ಎಣಿಸಿ, ಆ ವ್ಯತ್ಯಾಸವೇ ಜಾಹೀರಾತಿನ ಸೆಳೆತ ಎಂದು 1961ರಲ್ಲಿ ಬರೆದರು. ಆಮೇಲೆ ಬಂದ ಸಂಶೋಧಕರು ಈ ತಪ್ಪಿಗೆ ಅವರ ಹೆಸರನ್ನೇ ಇಟ್ಟರು. ‘ರೋಸರ್ ರೀವ್ಸ್ ಭ್ರಮೆ’ ಎಂದು ಇಂದಿಗೂ ಪಾಠ ಮಾಡುತ್ತೇವೆ.

ನಾನೂ ಇದರಲ್ಲಿ ಬಿದ್ದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಂಪನಿಗೆ ಇಂಥದ್ದೇ ಸರ್ವೆ ಮಾಡಿಕೊಟ್ಟೆ. ನೆನಪಿದ್ದವರಲ್ಲಿ ಖರೀದಿ ಜಾಸ್ತಿ, ಆದ್ದರಿಂದ ಜಾಹೀರಾತು ಗೆದ್ದಿದೆ ಎಂದು ವರದಿ ಬರೆದೆ. ಅವರು ಅದನ್ನು ನಂಬಿ ಇನ್ನಷ್ಟು ಹಣ ಹಾಕಿದರು. ಕೆಲವು ತಿಂಗಳ ನಂತರ ಹಾಳೆಗಳನ್ನು ಮತ್ತೆ ತಿರುವಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಜಾಹೀರಾತು ನೆನಪಿದೆ ಎಂದವರಲ್ಲಿ ಬಹುಪಾಲು ಜನ ಅದು ಶುರುವಾಗುವ ಮೊದಲೇ ಅವರ ಗ್ರಾಹಕರಾಗಿದ್ದರು. ‘ಎಷ್ಟು ದಿನದಿಂದ ಬಳಸುತ್ತಿದ್ದೀರಿ’ ಎಂಬ ಪ್ರಶ್ನೆ ನನ್ನ ಹಾಳೆಯಲ್ಲೇ ಇತ್ತು. ನಾನೇ ಅದನ್ನು ಪಕ್ಕದಲ್ಲಿಟ್ಟು ನೋಡಿರಲಿಲ್ಲ. ನಿಮ್ಮ ಪ್ರಶ್ನಾವಳಿಯಲ್ಲೂ ಆ ಪ್ರಶ್ನೆ ಇದ್ದರೆ ಇವತ್ತೇ ತೆಗೆದು ನೋಡಿ.

ಈಗ ಮೊದಲನೆಯ ಗಂಟು. ಮುಕ್ಕಾಲು ಪಾಲು ಜನ ‘ಇಲ್ಲ’ ಎಂದರಲ್ಲ, ಅವರು ಸುಳ್ಳು ಹೇಳಿದರಾ? ಇಲ್ಲ ಎಂದೇ ನನ್ನ ಅನಿಸಿಕೆ. ಅವರಿಗೆ ಉತ್ತರ ಗೊತ್ತಿರಲು ಸಾಧ್ಯವಿಲ್ಲದ ಪ್ರಶ್ನೆಯನ್ನು ನಾವು ಕೇಳಿದ್ದೇವೆ, ಅಷ್ಟೇ.

1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ಟಿಮೊಥಿ ವಿಲ್ಸನ್ ಎಂಬ ಮನೋವಿಜ್ಞಾನಿಗಳು ಒಂದು ಲೇಖನ ಬರೆದರು. ಅದರಲ್ಲಿ ಒಂದು ಸರಳ ಪ್ರಯೋಗವಿದೆ. ಮೇಜಿನ ಮೇಲೆ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟರು. ಯಾವುದರ ಗುಣಮಟ್ಟ ಚೆನ್ನಾಗಿದೆ ಎಂದು ದಾರಿಯಲ್ಲಿ ಹೋಗುವವರನ್ನು ಕೇಳಿದರು. ನಾಲ್ಕೂ ಒಂದೇ ಆಗಿದ್ದವು, ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಬಲತುದಿಯ ಜೊತೆಯನ್ನು ಆರಿಸಿದವರು ಎಡತುದಿಯದನ್ನು ಆರಿಸಿದವರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಯಾಕೆ ಇದನ್ನೇ ಆರಿಸಿದಿರಿ ಎಂದರೆ ಯಾರೂ ಇಟ್ಟ ಜಾಗದ ಮಾತೆತ್ತಲಿಲ್ಲ. ಜಾಗದಿಂದ ಹಾಗಾಯಿತೇ ಎಂದು ನೇರವಾಗಿ ಕೇಳಿದರೂ ಬಹುತೇಕ ಎಲ್ಲರೂ ಇಲ್ಲ ಎಂದರು. ಕೆಲವರಂತೂ ಕೇಳಿದವರನ್ನೇ ವಿಚಿತ್ರವಾಗಿ ನೋಡಿದರು.

ನಾವು ಏನನ್ನು ಆರಿಸಿದೆವು ಎನ್ನುವುದು ನಮಗೆ ಗೊತ್ತು. ಯಾಕೆ ಆರಿಸಿದೆವು ಎನ್ನುವುದನ್ನು ಎಷ್ಟೋ ಸಲ ಆಮೇಲೆ ಹೊಂದಿಸಿಕೊಳ್ಳುತ್ತೇವೆ. ‘ಗುಣಮಟ್ಟ ಚೆನ್ನಾಗಿತ್ತು’ ಎನ್ನುವುದು ಒಪ್ಪುವಂಥ ಕಾರಣ. ‘ಬಲಗಡೆ ಇತ್ತು’ ಎನ್ನುವುದು ಕಾರಣದ ಹಾಗೇ ಕೇಳಿಸುವುದಿಲ್ಲ. ‘ಜಾಹೀರಾತು ನೋಡಿದ್ದೆ’ ಎಂಬುದೂ ಹಾಗೆಯೇ.

ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಸಮಾಜಶಾಸ್ತ್ರಜ್ಞ ಡಬ್ಲ್ಯು. ಫಿಲಿಪ್ಸ್ ಡೇವಿಸನ್ 1983ರಲ್ಲಿ ಇದನ್ನು ‘ಮೂರನೆಯ ವ್ಯಕ್ತಿ ಪರಿಣಾಮ’ ಎಂದು ಕರೆದರು. ಮಾಧ್ಯಮದ ಪ್ರಭಾವ ನನ್ನ ಮೇಲೆ ಕಮ್ಮಿ, ಉಳಿದವರ ಮೇಲೆ ಜಾಸ್ತಿ ಎಂದು ಹೆಚ್ಚಿನವರು ನಂಬುತ್ತಾರೆ. ಎಲ್ಲರೂ ಹೀಗೆ ನಂಬಿದರೆ ಲೆಕ್ಕ ಕೂಡುವುದಿಲ್ಲ, ಅಲ್ವಾ? ನಿಮ್ಮ ಪ್ರಶ್ನಾವಳಿಯಲ್ಲಿ ‘ಬೇರೆಯವರು ಜಾಹೀರಾತು ನೋಡಿ ಕೊಳ್ಳುತ್ತಾರಾ?’ ಎಂದೂ ಕೇಳಿದ್ದರೆ, ಬಹಳ ಜನ ‘ಹೌದು’ ಎನ್ನುತ್ತಿದ್ದರು ಎಂದು ನನ್ನ ಅನುಭವ ಹೇಳುತ್ತದೆ.

ಹಾಗಾದರೆ ಗೈಡ್ ಹೇಳಿದ್ದೇ ಸರಿಯಲ್ಲವೇ, ಜನರಿಗೆ ಗೊತ್ತಾಗದೆ ಕೆಲಸ ಮಾಡುತ್ತದೆ ಎಂದು? ಇಲ್ಲೇ ಹುಷಾರಾಗಿರಬೇಕು. ಜನರಿಗೆ ಕಾರಣ ಗೊತ್ತಿಲ್ಲ ಎಂದ ಮಾತ್ರಕ್ಕೆ ಆ ಕಾರಣ ಜಾಹೀರಾತೇ ಎಂದಾಗುವುದಿಲ್ಲ. ಪಕ್ಕದವರು ಬಳಸುವುದು, ಹತ್ತಿರದ ಅಂಗಡಿಯಲ್ಲಿ ಸಿಗುವುದು, ಮನೆಯಲ್ಲಿ ಮೊದಲಿಂದ ಅದೇ ಇದ್ದದ್ದು, ಎಲ್ಲವೂ ಕಾರಣವಾಗಿರಬಹುದು. ದೊಡ್ಡ ಬ್ರ್ಯಾಂಡ್‌ಗಳು ಜಾಸ್ತಿ ಜಾಹೀರಾತು ಕೊಡುತ್ತವೆ. ಅವೇ ಜಾಸ್ತಿ ಅಂಗಡಿಗಳಲ್ಲಿ ಸಿಗುತ್ತವೆ ಕೂಡ. ನಿಮ್ಮ ಹಾಳೆಯಲ್ಲಿ ಅವುಗಳ ಹೆಸರು ಬಂದದ್ದು ಯಾವುದರಿಂದ ಎಂದು ಆ ಹಾಳೆ ಹೇಳಲಾರದು.

‘ಒಳಮನಸ್ಸು’ ಎಂಬ ಮಾತಿಗೆ ಒಂದು ಹಳೆಯ ಕತೆಯ ನೆರಳೂ ಇದೆ. 1957ರಲ್ಲಿ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ ಒಂದು ಸುದ್ದಿ ಹಬ್ಬಿಸಿದ. ಅಮೆರಿಕದ ನ್ಯೂಜೆರ್ಸಿಯ ಚಿತ್ರಮಂದಿರವೊಂದರಲ್ಲಿ ಸಿನಿಮಾ ನಡುವೆ ಕಣ್ಣಿಗೆ ಕಾಣದಷ್ಟು ವೇಗವಾಗಿ ‘ಕೋಕಾಕೋಲಾ ಕುಡಿಯಿರಿ’, ‘ಪಾಪ್‌ಕಾರ್ನ್ ತಿನ್ನಿ’ ಎಂದು ಮಿನುಗಿಸಿದೆ, ಮಾರಾಟ ಏರಿಬಿಟ್ಟಿತು ಎಂದ. ಜನ ಹೆದರಿದರು. 1962ರ ಹೊತ್ತಿಗೆ ಅವನೇ ಒಂದು ಸಂದರ್ಶನದಲ್ಲಿ ತನ್ನ ಬಳಿ ಇದ್ದ ಡೇಟಾ ಏನೂ ಹೇಳಲಾಗದಷ್ಟು ಚಿಕ್ಕದು ಎಂದು ಒಪ್ಪಿಕೊಂಡ. ಅದಕ್ಕೂ ಮೊದಲೇ, 1958ರಲ್ಲಿ, ಕೆನಡಾದ ಸಿಬಿಸಿ ಟಿವಿ ಒಂದು ಕಾರ್ಯಕ್ರಮದ ನಡುವೆ ‘ಈಗಲೇ ಫೋನ್ ಮಾಡಿ’ ಎಂದು 352 ಸಲ ಮಿನುಗಿಸಿ ನೋಡಿತ್ತು. ಫೋನ್ ಕರೆಗಳು ಹೆಚ್ಚಾಗಲಿಲ್ಲ. ಆಮೇಲೆ ಪ್ರಯೋಗಾಲಯಗಳಲ್ಲಿ ಚಿಕ್ಕ ಪರಿಣಾಮಗಳು ಕಂಡಿವೆ ನಿಜ. ಉದಾಹರಣೆಗೆ 2006ರಲ್ಲಿ ಯೊಹಾನ್ ಕಾರೆಮನ್ಸ್ ಮತ್ತು ಜೊತೆಗಾರರು ಪಾನೀಯವೊಂದರ ಹೆಸರನ್ನು ಹೀಗೆ ಮಿನುಗಿಸಿದಾಗ ಆಯ್ಕೆ ಅದರ ಕಡೆ ವಾಲಿತು. ಆದರೆ ಮೊದಲೇ ಬಾಯಾರಿದ್ದವರಲ್ಲಿ ಮಾತ್ರ. ಬಾಯಾರಿಕೆಯನ್ನು ಆ ಮಿನುಗು ಹುಟ್ಟಿಸಲಿಲ್ಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ‘ಒಳಮನಸ್ಸು’ ಎಂದು ಬರೆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದೆಲ್ಲ ಕೇಳುತ್ತಾರೆ. ನಿಮ್ಮ ಪ್ರಶ್ನಾವಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಜಾಹೀರಾತು ನಿಜವಾಗಿ ಏನು ಮಾಡುತ್ತದೆ ಎಂದು ನನ್ನನ್ನು ಕೇಳಿದರೆ, ಅದು ನೆನಪಿನಲ್ಲಿ ಜಾಗ ಹಿಡಿಯುತ್ತದೆ ಎನ್ನುತ್ತೇನೆ. ಮಂಕುಬೂದಿಯಂಥದ್ದು ಏನೂ ಇಲ್ಲ. ಒಂದು ವಸ್ತುವನ್ನು ಸುಮ್ನೆ ಪದೇ ಪದೇ ನೋಡಿದರೂ ಅದರ ಬಗ್ಗೆ ಸ್ವಲ್ಪ ಒಲವು ಬೆಳೆಯುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಯಾಂಕ್ 1968ರಲ್ಲೇ ತೋರಿಸಿದರು. ಅರ್ಥವಿಲ್ಲದ ಪದಗಳು, ಗುರುತಿಲ್ಲದ ಮುಖಗಳ ವಿಷಯದಲ್ಲೂ ಹೀಗಾಯಿತು. ಬ್ರಿಟನ್ನಿನ ಆಂಡ್ರ್ಯೂ ಎಹ್ರೆನ್‌ಬರ್ಗ್ ದಶಕಗಳ ಕಾಲ ಜನರ ಖರೀದಿ ದಾಖಲೆಗಳನ್ನೇ ಕೂತು ಓದಿದವರು. ಜಾಹೀರಾತು ಗಟ್ಟಿಯಾಗಿ ತಳ್ಳುವ ಶಕ್ತಿಯಲ್ಲ, ಮೆಲ್ಲಗೆ ಭುಜ ತಟ್ಟುವಂಥದ್ದು, ಹೆಚ್ಚಾಗಿ ಈಗಾಗಲೇ ಬಳಸುವವರ ರೂಢಿಯನ್ನು ಉಳಿಸುವಂಥದ್ದು ಎಂದು ಅವರು ವಾದಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ನನಗಂತೂ ಅವರ ವಾದವೇ ಮಾರುಕಟ್ಟೆಯಲ್ಲಿ ಕಂಡದ್ದಕ್ಕೆ ಹತ್ತಿರ ಎನ್ನಿಸಿದೆ.

ಬ್ರ್ಯಾಂಡ್ ಹೆಸರಿನ ಬಲ ಮಾತ್ರ ಚಿಕ್ಕದಲ್ಲ. 1964ರಲ್ಲಿ ರಾಲ್ಫ್ ಆ್ಯಲಿಸನ್ ಮತ್ತು ಕೆನೆತ್ ಉಲ್ ಬಿಯರ್ ಕುಡಿಯುವವರಿಗೆ ಮೊದಲು ಲೇಬಲ್ ಇಲ್ಲದ ಬಾಟಲಿ ಕೊಟ್ಟರು. ತಮ್ಮ ಮೆಚ್ಚಿನದು ಯಾವುದು ಎಂದು ಒಟ್ಟಾರೆ ಅವರಿಗೆ ಗುರುತಿಸಲಾಗಲಿಲ್ಲ. ಲೇಬಲ್ ಹಚ್ಚಿ ಕೊಟ್ಟಾಗ ತಮ್ಮ ಬ್ರ್ಯಾಂಡ್‌ಗೆ ಹೆಚ್ಚು ಅಂಕ ಕೊಟ್ಟರು. ಗಮನಿಸಿ, ಇಲ್ಲಿ ಅಳೆದದ್ದು ಹೆಸರಿನ ಪರಿಣಾಮ. ಆ ಹೆಸರಿಗೆ ಬಲ ಬಂದದ್ದು ಜಾಹೀರಾತಿನಿಂದಲೋ, ವರ್ಷಗಳ ಬಳಕೆಯಿಂದಲೋ ಎಂಬುದು ಬೇರೆ ಪ್ರಶ್ನೆ. ವಿದ್ಯಾರ್ಥಿಗಳು ತುಂಬಾ ಸಲ ಇವೆರಡನ್ನು ಒಂದೇ ಮಾಡಿಬಿಡುತ್ತಾರೆ.

ಜಾಹೀರಾತಿನ ಪರಿಣಾಮ ಅಳೆಯುವುದು ಎಷ್ಟು ಕಷ್ಟ ಎಂದು ತಿಳಿದರೆ ನಿಮಗೆ ಸಮಾಧಾನವಾಗಬಹುದು. ದೊಡ್ಡ ದೊಡ್ಡ ಕಂಪನಿಗಳೇ ಇಲ್ಲಿ ಎಡವಿವೆ. ರ‍್ಯಾಂಡಲ್ ಲೂಯಿಸ್, ಜಸ್ಟಿನ್ ರಾವ್, ಡೇವಿಡ್ ರೈಲಿ 2011ರಲ್ಲಿ ಯಾಹೂ ಜಾಲತಾಣದ ಒಂದು ಜಾಹೀರಾತನ್ನು ಪರೀಕ್ಷಿಸಿದರು. ಜಾಹೀರಾತು ಕಂಡವರು ಆ ಬ್ರ್ಯಾಂಡ್ ಅನ್ನು ಎಷ್ಟು ಹುಡುಕಿದರು ಎಂದು ಮಾಮೂಲಿ ಹೋಲಿಕೆಯ ದಾರಿಯಲ್ಲಿ ಲೆಕ್ಕ ಹಾಕಿದರೆ ಏರಿಕೆ 871ರಿಂದ 1198 ಶೇಕಡಾ! ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ತೋರಿಸಿ ಹೋಲಿಸಿದರೆ ನಿಜವಾದ ಏರಿಕೆ ಶೇ. 5.4. ಅಷ್ಟು ಅಂತರ ಯಾಕೆ? ಜಾಹೀರಾತು ಕಂಡವರು ಅವತ್ತು ಇಂಟರ್ನೆಟ್‌ನಲ್ಲಿ ಇದ್ದವರು. ಇಂಟರ್ನೆಟ್‌ನಲ್ಲಿ ಇದ್ದವರು ಎಲ್ಲವನ್ನೂ ಜಾಸ್ತಿ ಹುಡುಕುತ್ತಾರೆ. ಆನ್‌ಲೈನ್ ಮಾರುಕಟ್ಟೆ ನಡೆಸುವ ಇಬೇ ಕಂಪನಿಯ ಕತೆಯೂ ಹೀಗೇ. ಸರ್ಚ್ ಎಂಜಿನ್‌ನಲ್ಲಿ ತನ್ನ ಹೆಸರನ್ನು ಹುಡುಕಿದವರಿಗೆ ತೋರಿಸುತ್ತಿದ್ದ ದುಡ್ಡಿನ ಜಾಹೀರಾತನ್ನು ಅದು ಕೆಲವು ಕಡೆ ನಿಲ್ಲಿಸಿ ನೋಡಿತು. ಇದರಿಂದ ಕೈತಪ್ಪಬೇಕಿದ್ದ ಕ್ಲಿಕ್‌ಗಳಲ್ಲಿ ಶೇ. 99.5ರಷ್ಟು ಪಕ್ಕದ ಉಚಿತ ಕೊಂಡಿಯಿಂದ ಬಂದೇ ಬಂದವು. 2015ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯ. ಹೊಸಬರು ಮತ್ತು ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು. ಹಣ ಮಾತ್ರ ಹೆಚ್ಚಾಗಿ, ಹೇಗಿದ್ದರೂ ಬರುತ್ತಿದ್ದ ಹಳಬರ ಮೇಲೆ ಖರ್ಚಾಗುತ್ತಿತ್ತು.

ಹಾಗಾಗಿ ‘ಇಲ್ಲ, ನನ್ನ ಮೇಲೆ ಪ್ರಭಾವವಿಲ್ಲ’ ಎಂದ ನಿಮ್ಮ ಜನರಲ್ಲಿ ಎಷ್ಟೋ ಮಂದಿ ಒಂದು ನಿರ್ದಿಷ್ಟ ಖರೀದಿಯ ಮಟ್ಟಿಗೆ ಸರಿಯಾಗಿಯೇ ಹೇಳಿರಬಹುದು. ಜಾಹೀರಾತು ಅವರಿಗೆ ಅರಿವಿಲ್ಲದೆ ಕೆಲಸ ಮಾಡಿದೆ ಎಂದು ಪ್ರಾಜೆಕ್ಟ್‌ನಲ್ಲಿ ಬರೆಯಲು ನಮಗೆ ಹಕ್ಕಿಲ್ಲ.

ಇನ್ನು ಮುಂದೇನು? ಎರಡು ತಿಂಗಳಲ್ಲಿ ಆಗುವುದನ್ನು ಹೇಳುತ್ತೇನೆ.

ಮೊದಲ ದಾರಿ, ಡೇಟಾ ಇದ್ದ ಹಾಗೇ ಇಟ್ಟು, ಅದರ ಮೇಲೆ ಕಟ್ಟುವ ಮಾತನ್ನು ಬದಲಿಸುವುದು. ನೀವು ಅಳೆದದ್ದು ಜಾಹೀರಾತಿನ ಪ್ರಭಾವದ ಬಗ್ಗೆ ಜನರ ಅನಿಸಿಕೆ. ಶೀರ್ಷಿಕೆಯನ್ನೂ ಹಾಗೇ ಮಾಡಿ. ನೆನಪು ಮತ್ತು ಖರೀದಿಯ ಕೋಷ್ಟಕವನ್ನು ಬಿಡಬೇಡಿ, ಹಾಕಿ. ಬಾಣ ಎರಡೂ ಕಡೆಗೆ ಇರಬಹುದು ಎಂದು ಪಕ್ಕದಲ್ಲೇ ಬರೆಯಿರಿ. ಇದರಲ್ಲಿ ಅಪಾಯ ಕಮ್ಮಿ. ಆದರೆ ಪ್ರಾಜೆಕ್ಟ್ ಸಪ್ಪೆಯಾಯಿತು ಎಂದು ಗೈಡ್‌ಗೆ ಅನ್ನಿಸಬಹುದು. ಶೀರ್ಷಿಕೆ ಬದಲಿಸಲು ವಿಭಾಗದ ಒಪ್ಪಿಗೆ ಬೇಕಾಗಬಹುದು, ಮೊದಲೇ ಕೇಳಿಕೊಳ್ಳಿ.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. ಹೊಸದಾಗಿ 130 ಜನರನ್ನು ಹುಡುಕಿ. ನಾಣ್ಯ ಚಿಮ್ಮಿ ಇಬ್ಭಾಗ ಮಾಡಿ. ಅರ್ಧ ಜನರಿಗೆ ‘ಜಾಹೀರಾತು ನಿಮ್ಮ ಖರೀದಿಯನ್ನು ಎಷ್ಟು ಬದಲಿಸುತ್ತದೆ?’ ಎಂದು, ಇನ್ನರ್ಧ ಜನರಿಗೆ ‘ನಿಮ್ಮಂಥ ಬೇರೆಯವರ ಖರೀದಿಯನ್ನು ಎಷ್ಟು ಬದಲಿಸುತ್ತದೆ?’ ಎಂದು ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ, ಏಳು ಅಂಕದ ಅಳತೆ. ಅಷ್ಟೇ. ನಿಮ್ಮ ‘ಇಲ್ಲ’ಗಳಲ್ಲಿ ಎಷ್ಟು ಭಾಗ ‘ನಾನು ಬೇರೆ, ಅವರು ಬೇರೆ’ ಎಂಬ ಭಾವನೆಯದು ಎಂಬುದಕ್ಕೆ ಸುಳಿವು ಸಿಗುತ್ತದೆ. 130 ಯಾಕೆ ಎಂದರೆ, ಎರಡು ಗುಂಪಿನ ಸರಾಸರಿಗಳ ನಡುವೆ ಅರ್ಧ ಪ್ರಮಾಣ ವಿಚಲನೆಯಷ್ಟು (ಉತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಶನ್) ವ್ಯತ್ಯಾಸವಿದ್ದರೆ ಅದನ್ನು ಹಿಡಿಯಲು ಗುಂಪಿಗೆ 64 ಜನ ಬೇಕು. ಹತ್ತರಲ್ಲಿ ಎಂಟು ಸಲವಾದರೂ ಹಿಡಿಯಬೇಕು ಎಂಬ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ವ್ಯತ್ಯಾಸ ಅದಕ್ಕಿಂತ ಚಿಕ್ಕದಿದ್ದರೆ ನಿಮ್ಮ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ.

ಮೂರನೆಯದು, ಲೇಬಲ್ ಪ್ರಯೋಗ. ಒಂದೇ ಬ್ರ್ಯಾಂಡ್‌ನ ಒಂದೇ ಬಗೆಯ ಪೆನ್ನುಗಳನ್ನು ತನ್ನಿ. ಅರ್ಧಕ್ಕೆ ಹೆಸರು ಮುಚ್ಚುವಂತೆ ಟೇಪ್ ಸುತ್ತಿ. ಉಳಿದವಕ್ಕೂ ಅದೇ ಟೇಪ್ ಸುತ್ತಿ, ಹೆಸರು ಮಾತ್ರ ಕಾಣುವಂತೆ ಬಿಡಿ. ನಾಲ್ಕು ಸಾಲು ಬರೆಸಿ, ಬರವಣಿಗೆ ಎಷ್ಟು ನಯವಾಗಿದೆ ಎಂದು ಅಂಕ ಕೊಡಿಸಿ. ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಇಲ್ಲಿನ ಅಪಾಯ ಏನೆಂದರೆ, ನೀವು ಏನು ನಿರೀಕ್ಷಿಸುತ್ತಿದ್ದೀರಿ ಎಂದು ಜನ ಊಹಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ. ಮಾರ್ಟಿನ್ ಓರ್ನ್ 1962ರಲ್ಲೇ ಇದರ ಬಗ್ಗೆ ಎಚ್ಚರಿಸಿದ್ದರು. ಪ್ರಾಜೆಕ್ಟಿನ ಹೆಸರು ಹೇಳಬೇಡಿ, ಒಪ್ಪಿಗೆ ಮಾತ್ರ ಪಡೆಯಿರಿ, ಮುಗಿದ ಮೇಲೆ ಎಲ್ಲವನ್ನೂ ವಿವರಿಸಿ. ಮತ್ತೆ ಹೇಳುತ್ತೇನೆ, ಇದು ಹೆಸರಿನ ಅಳತೆ. ಜಾಹೀರಾತಿನದಲ್ಲ.

ಜಾಹೀರಾತನ್ನೇ ಪರೀಕ್ಷಿಸುವ ಆಸೆ ನಿಮಗಾಗಬಹುದು. ಅರ್ಧ ಜನರಿಗೆ ಜಾಹೀರಾತು ತೋರಿಸಿ, ವಾರದ ನಂತರ ಎರಡು ವಸ್ತುಗಳಲ್ಲಿ ಒಂದನ್ನು ಆರಿಸಲು ಬಿಡುವುದು. ಯೋಚನೆ ಚೆನ್ನಾಗಿದೆ. ಆದರೆ 50 ಶೇಕಡಾ ಆಯ್ಕೆ 60ಕ್ಕೆ ಏರಿದ್ದನ್ನು ಅದೇ ಭರವಸೆಯಿಂದ ಹಿಡಿಯಲು ಗುಂಪಿಗೆ ಹೆಚ್ಚುಕಡಿಮೆ 390 ಜನ ಬೇಕು. ಒಂದು ಸಲ ನೋಡಿದ ಜಾಹೀರಾತು ಹತ್ತು ಅಂಶ ಏರಿಸುವುದೂ ಅನುಮಾನ. ಎರಡು ತಿಂಗಳಲ್ಲಿ ಇದಕ್ಕೆ ಕೈ ಹಾಕಬೇಡಿ. ಕೊನೆಗೆ ‘ವ್ಯತ್ಯಾಸ ಕಾಣಲಿಲ್ಲ’ ಎಂದು ಬರುತ್ತದೆ, ಅದನ್ನು ಓದಿದವರು ‘ವ್ಯತ್ಯಾಸವಿಲ್ಲ’ ಎಂದು ತಿಳಿಯುತ್ತಾರೆ.

ಮಾರಾಟದ ಅಂಕಿಗಳನ್ನು ತರಿಸಿ, ಜಾಹೀರಾತು ಖರ್ಚಿನ ಜೊತೆ ಹೋಲಿಸು ಎಂದು ಯಾರಾದರೂ ಹೇಳಿದರೆ ಅದೂ ಬೇಡ. ಮಾರಾಟ ಏರುವ ಕಾಲ ನೋಡಿಯೇ ಕಂಪನಿಗಳು ಜಾಹೀರಾತು ಹೆಚ್ಚಿಸುತ್ತವೆ. ಅದೇ ಬಾಣದ ತೊಂದರೆ ಮತ್ತೆ ಎದುರಾಗುತ್ತದೆ.

ನನ್ನ ಸಲಹೆ, ಮೊದಲನೆಯದು ಮತ್ತು ಎರಡನೆಯದು ಸೇರಿಸಿ. ಸಮಯ ಉಳಿದರೆ ಪೆನ್ನಿನ ಪ್ರಯೋಗ. ಯಾವುದನ್ನೇ ಮಾಡಿ, ಡೇಟಾ ಕೈಗೆ ಬರುವ ಮೊದಲೇ ಏನನ್ನು ಹೋಲಿಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ ಗೈಡ್ ಸಹಿ ಮಾಡಿಸಿ. ಇದು ಶಿಸ್ತಿಗಾಗಿ ಮಾತ್ರವಲ್ಲ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಶೇ. 36ರಷ್ಟರಲ್ಲಿ ಮಾತ್ರ ಸ್ಪಷ್ಟ ಫಲಿತಾಂಶ ಮತ್ತೆ ಸಿಕ್ಕಿತು. ಡೇಟಾ ನೋಡಿದ ಮೇಲೆ ಕತೆ ಕಟ್ಟುವುದು ಅದಕ್ಕೊಂದು ಕಾರಣ. ನಮ್ಮ ಕ್ಷೇತ್ರವೂ ಇದರಿಂದ ಹೊರತಲ್ಲ. ಆಯ್ಕೆ ಜಾಸ್ತಿಯಾದರೆ ಜನ ಕೊಳ್ಳುವುದಿಲ್ಲ ಎಂಬ 2000ದ ಹೆಸರಾಂತ ಜಾಮ್ ಪ್ರಯೋಗ ನಿಮ್ಮ ಪಠ್ಯದಲ್ಲೂ ಇರಬಹುದು. 2010ರಲ್ಲಿ ಅಂಥ 50 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಅಂದರೆ ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ.

ಗೈಡ್ ಜೊತೆ ಮಾತಾಡುವಾಗ ‘ನೀವು ಹೇಳಿದ್ದು ತಪ್ಪು’ ಎಂದು ಶುರು ಮಾಡಬೇಡಿ. ‘ಜಾಹೀರಾತು ಬರುವ ಮೊದಲೇ ಈ ಬ್ರ್ಯಾಂಡ್ ಬಳಸುತ್ತಿದ್ದವರನ್ನು ಬೇರೆ ಮಾಡಿ ನೋಡಿದೆ, ಹೀಗೆ ಬಂತು’ ಎಂದು ಕೋಷ್ಟಕ ಮುಂದಿಡಿ. ಅಂಕಿ ಎದುರಿಗಿದ್ದರೆ ಮಾತು ಸುಲಭವಾಗುತ್ತದೆ. ನನ್ನ ಹತ್ತಿರ ಹಾಗೆ ಕೋಷ್ಟಕ ಹಿಡಿದು ಬಂದ ವಿದ್ಯಾರ್ಥಿಗಳಿಂದ ನಾನು ಅಭಿಪ್ರಾಯ ಬದಲಿಸಿದ್ದಿದೆ.

ಕೊನೆಗೆ ಆ ಖಾಲಿ ಹಾಳೆಗಳು. ದಯವಿಟ್ಟು ತೆಗೆಯಬೇಡಿ. ‘ನೆಚ್ಚಿನ ಬ್ರ್ಯಾಂಡ್’ ಎಂದು ಕೇಳಿದಾಗಲೇ ಎಲ್ಲರಿಗೂ ಅಂಥದ್ದು ಒಂದಿದೆ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಎಹ್ರೆನ್‌ಬರ್ಗ್ ಖರೀದಿ ದಾಖಲೆಗಳಲ್ಲಿ ಕಂಡದ್ದು ಬೇರೆ. ಹೆಚ್ಚಿನ ಜನ ಒಂದಕ್ಕೇ ಅಂಟಿಕೊಳ್ಳುವುದಿಲ್ಲ, ಎರಡು ಮೂರು ಬ್ರ್ಯಾಂಡ್‌ಗಳ ನಡುವೆ ಓಡಾಡುತ್ತಾರೆ. ಖಾಲಿ ಬಿಟ್ಟವರು ಬಹುಶಃ ನಿಮಗೆ ಪ್ರಾಮಾಣಿಕ ಉತ್ತರವನ್ನೇ ಕೊಟ್ಟಿದ್ದಾರೆ. ಅವರು ಎಷ್ಟು ಜನ ಎಂದು ವರದಿಯಲ್ಲಿ ಬರೆಯಿರಿ. ಫೋನ್ ನಂಬರ್ ಕೊಟ್ಟು, ಮತ್ತೆ ಸಂಪರ್ಕಿಸಲು ಒಪ್ಪಿದವರಿದ್ದರೆ ನಾಲ್ಕೈದು ಜನರನ್ನು ಮಾತಾಡಿಸಿ. ಯಾವುದು ಇಷ್ಟ ಎಂದು ಕೇಳಬೇಡಿ. ಕಳೆದ ಮೂರು ಸಲ ಏನು ತಗೊಂಡಿರಿ ಎಂದು ಕೇಳಿ.